ಗುಡ್ಡದಿಂದ ಗುಡ್ಡಕ್ಕೆ

ಮಲೆನಾಡಿನ ಜನರು ಮಳೆಯನ್ನು ನಕ್ಷತ್ರಗಳ ಹೆಸರಿನಿಂದ ಕರೆಯುವುದು ವಾಡಿಕೆ. ಆರಿದ್ರೆಯಲ್ಲಿ ಬಲಿತ ಮಳೆ ಪುನರ್ವಸು, ಪುಷ್ಯಗಳನ್ನು ದಾಟಿ ಆಶ್ಲೇಷಕ್ಕೆ ಬರುವಷ್ಟರಲ್ಲಿ ಗುಡ್ಡಗಳ ಮಣ್ಣು ಕುಡಿಯಬಹುದಾದಷ್ಟು ನೀರನ್ನು ಕುಡಿದಿರುತ್ತದೆ. 2019ರ ಆಗಸ್ಟ್ ತಿಂಗಳಿನಲ್ಲಿ ಆಶ್ಲೇಷಾ ಮಳೆ ಹಿಡಿದಾಗ ಆ ಮಣ್ಣು ನಿಲ್ಲಲಾರದೆ ಹೋಯಿತು. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸದ ಕಡೆಯಲ್ಲಿ ಗುಡ್ಡಗಳು ಜರಿದವು. ಮಲೆಮನೆಯಂತಹ ಊರುಗಳಲ್ಲಿ ಮನೆಗಳೂ ಕಾಫಿ ತೋಟಗಳೂ ಮಣ್ಣಿನ ಪಾಲಾದವು. ಎಷ್ಟೋ ಮಳೆಗಾಲಗಳಲ್ಲಿ ಭದ್ರೆಯ ನೀರಿನಲ್ಲಿ ಮುಳುಗಿ ಕಳಸಕ್ಕೂ ಹೊರನಾಡಿಗೂ ನಡುವಣ ಹಾದಿಯನ್ನು ಕಡಿದಿರುವ ಹೆಬ್ಬಾಳೆಯ ಸೇತುವೆ ಆ ವರ್ಷವೂ ಮುಳುಗಿತು. ರಸ್ತೆ ಹೋಯಿತು, ವಿದ್ಯುತ್ತು ಹೋಯಿತು, ದೂರವಾಣಿಯೂ ಅನೇಕ ಕಡೆ ಮೌನವಾಯಿತು. ಯಾವ ಊರಿನಲ್ಲಿ ಏನಾಗಿದೆ ಎಂಬುದು ಪಕ್ಕದ ಊರಿಗೇ ತಿಳಿಯದಂತಾಯಿತು.

ಇಂತಹ ದಿನಗಳಲ್ಲಿ ಯಾವ ಗುಡ್ಡದ ಮೇಲೆ ಎಷ್ಟು ಮಳೆ ಬಿದ್ದಿತು ಎಂಬ ಒಂದು ಸಣ್ಣ ಅಂಕಿಗೆ ಬಹಳ ಬೆಲೆಯಿದೆ. ಹಿಂದೆ ಈ ಅಂಕಿ ಬೆಳಗಿನ ಎಂಟೂವರೆ ಗಂಟೆಗೆ ದಿನಕ್ಕೊಮ್ಮೆ ದೊರೆಯುತ್ತಿತ್ತು. ಕಾಫಿ ತೋಟದ ರೈಟರು ಮಳೆಮಾಪಕದ ನೀರನ್ನು ಅಳೆದು ಇಷ್ಟು ಇಂಚು, ಇಷ್ಟು ಸೆಂಟು ಎಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ಪುಸ್ತಕ ತೋಟದ ಮಟ್ಟಿಗೆ ಉಪಯುಕ್ತವೇ. ಆದರೆ ರಾತ್ರಿ ಎರಡು ಗಂಟೆಗೆ ಗುಡ್ಡದ ಮೇಲೆ ಸುರಿದ ಮಳೆಯ ಸುದ್ದಿಯನ್ನು ಕಣಿವೆಯಲ್ಲಿ ಮಲಗಿದವರಿಗೆ ಅದು ಹೇಳಲಾರದು. ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ದೂರಸಂವೇದಿ ಮಳೆಮಾಪಕಗಳನ್ನು ಇರಿಸಿದೆ. ಅವು ಬಿಸಿಲಿನಿಂದ ವಿದ್ಯುತ್ತನ್ನು ಪಡೆದು, 15 ನಿಮಿಷಗಳಿಗೊಮ್ಮೆ ಮಳೆಯ ಪ್ರಮಾಣವನ್ನು ತಂತಿಯ ನೆರವಿಲ್ಲದೆಯೇ ಕಳುಹಿಸುತ್ತವೆ. ದೊಡ್ಡ ತೋಟಗಳಲ್ಲಿಯೂ ಒಂದು ಗುಡ್ಡದ ಮಾಪಕದಿಂದ ಇನ್ನೊಂದು ಗುಡ್ಡದ ಕಚೇರಿಗೆ ಹೀಗೆಯೇ ಅಂಕಿಗಳನ್ನು ಕಳುಹಿಸಬಹುದು. ಈ ಕೆಲಸ ಮಾಡುವ ಚಿಕ್ಕ ಪೆಟ್ಟಿಗೆಗೆ ನಿಸ್ತಂತು ಮೋಡೆಮ್ ಎಂದು ಹೆಸರು.

ಮೋಡೆಮ್ ಎಂಬುದು ಮಾಡುಲೇಟರ್ ಮತ್ತು ಡಿಮಾಡುಲೇಟರ್ ಎಂಬ ಎರಡು ಪದಗಳ ತಲೆಗಳನ್ನು ಕೂಡಿಸಿ ಮಾಡಿದ ಹೆಸರು. ರೇಡಿಯೊ ತರಂಗವು ಒಂದೇ ಸಮನೆ ಏರಿಳಿಯುತ್ತಿದ್ದರೆ ಅದರಲ್ಲಿ ಸುದ್ದಿಯಿಲ್ಲ. ಅದರ ಏರಿಳಿತವನ್ನು ಸ್ವಲ್ಪ ಹಿಗ್ಗಿಸಿ ಕುಗ್ಗಿಸಿ ಅಂಕಿಗಳನ್ನು ಅದರ ಮೇಲೆ ಹೊರಿಸುವುದು ಮೊದಲನೆಯ ಕೆಲಸ. ಬಂದ ತರಂಗದಿಂದ ಆ ಅಂಕಿಗಳನ್ನು ಬಿಡಿಸಿ ಇಳಿಸಿಕೊಳ್ಳುವುದು ಎರಡನೆಯದು. ಆದುದರಿಂದ ಮೋಡೆಮ್ ಒಂಟಿಯಾಗಿ ಬಾಳುವ ಯಂತ್ರವಲ್ಲ. ಇಲ್ಲೊಂದು, ಅಲ್ಲೊಂದು, ನಡುವೆ ಗಾಳಿ. ಈ ಮೂರೂ ಸರಿಯಿದ್ದರೆ ಮಾತ್ರ ಸಂಪರ್ಕ.

ಸಂಪರ್ಕ ತಪ್ಪಿದಾಗ ಮಲೆನಾಡಿನಲ್ಲಿ ಎಲ್ಲರ ಬಾಯಿಂದ ಬರುವ ಮೊದಲ ಮಾತು “ಮಳೆ ಅಲ್ಲವೇ, ಬರುವುದಿಲ್ಲ” ಎಂಬುದು. ಅಪವಾದ ಮಳೆಯ ಮೇಲೆ ಬರುತ್ತದೆ. ಇದು ಎಷ್ಟರ ಮಟ್ಟಿಗೆ ನಿಜ?

ತರಂಗದ ಒಂದು ತಲೆಯಿಂದ ಮುಂದಿನ ತಲೆಗಿರುವ ಅಂತರವೇ ತರಂಗದೂರ. ಒಂದು ಸೆಕೆಂಡಿಗೆ ತರಂಗವು ಎಷ್ಟು ಬಾರಿ ಕಂಪಿಸುತ್ತದೆ ಎಂಬುದು ಆವೃತ್ತಿ. ಆವೃತ್ತಿ ಹೆಚ್ಚಿದಂತೆ ತರಂಗದೂರ ಕಡಿಮೆಯಾಗುತ್ತದೆ. ಭಾರತದಲ್ಲಿ ಅಲ್ಪ ಶಕ್ತಿಯ ಉಪಕರಣಗಳಿಗೆ ಪರವಾನಗಿಯಿಲ್ಲದೆ ಬಳಸಲು ಬಿಟ್ಟಿರುವ 865 ಮೆಗಾಹರ್ಟ್ಸ್ ಆಸುಪಾಸಿನ ತರಂಗದ ದೂರ ಸುಮಾರು 35 ಸೆಂಟಿಮೀಟರ್. 2,400 ಮೆಗಾಹರ್ಟ್ಸ್ ತರಂಗದ ದೂರ ಹನ್ನೆರಡೂವರೆ ಸೆಂಟಿಮೀಟರ್. ಮಳೆಯ ಹನಿಯ ಅಗಲವಾದರೋ ಕೆಲವೇ ಮಿಲಿಮೀಟರ್. ಇಷ್ಟು ಉದ್ದದ ತರಂಗಕ್ಕೆ ಅಷ್ಟು ಚಿಕ್ಕ ಹನಿ ಅಡ್ಡಿಯೇ ಅಲ್ಲ. ಮನೆಯ ಮಾಡಿನ ಮೇಲಿರುವ ದೂರದರ್ಶನದ ತಟ್ಟೆ ಜಡಿಮಳೆಯಲ್ಲಿ ಚಿತ್ರವನ್ನು ಕಳೆದುಕೊಳ್ಳುವುದನ್ನು ವಿದ್ಯಾರ್ಥಿಗಳು ನೋಡಿರಬಹುದು. ಅದು ನಿಜವಾಗಿಯೂ ಮಳೆಯ ಕೆಲಸ. ಉಪಗ್ರಹದಿಂದ ಬರುವ ಆ ತರಂಗದ ದೂರ ಕೇವಲ ಎರಡೂವರೆ ಸೆಂಟಿಮೀಟರ್‌ನಷ್ಟು, ಹನಿಗಳು ಅದನ್ನು ಹೀರಿ ಚದುರಿಸಬಲ್ಲವು. ಆದರೆ ಗುಡ್ಡದಿಂದ ಗುಡ್ಡಕ್ಕೆ ಮಾತನಾಡುವ ಮೋಡೆಮ್ಮುಗಳ ವಿಷಯದಲ್ಲಿ ಬೀಳುವ ಮಳೆ ಬಹುಮಟ್ಟಿಗೆ ನಿರಪರಾಧಿ. ಬಿದ್ದ ಮೇಲೆ ಅದು ಏನು ಮಾಡುತ್ತದೆ ಎಂಬುದೇ ಬೇರೆಯ ಕಥೆ.

ಒಂದು ಪ್ರಸಂಗವನ್ನು ಊಹಿಸಿಕೊಳ್ಳಬಹುದು. ಕಳಸದ ಬಳಿಯ ಒಂದು ಗುಡ್ಡದ ನೆತ್ತಿಯಲ್ಲಿ ಮಳೆಮಾಪಕವಿದೆ. ಎಂಟು ಕಿಲೋಮೀಟರ್ ಆಚೆಯ ಇನ್ನೊಂದು ಗುಡ್ಡದ ಮೇಲೆ ತೋಟದ ಕಚೇರಿ. ಮಾರ್ಚ್ ತಿಂಗಳಲ್ಲಿ ಸೊಗಸಾಗಿ ನಡೆಯುತ್ತಿದ್ದ ಸಂಪರ್ಕ ಜುಲೈ ತಿಂಗಳಲ್ಲಿ ಕಡಿದುಹೋಗಿದೆ. ಎಲ್ಲಿಂದ ಹುಡುಕಬೇಕು?

ಒಳ್ಳೆಯ ವೈದ್ಯನು ರೋಗಿಯನ್ನು ಮುಟ್ಟುವುದಕ್ಕೆ ಮುನ್ನ ನೋವು ಯಾವಾಗ ಬರುತ್ತದೆ ಎಂದು ಕೇಳುತ್ತಾನೆ. ಇಲ್ಲಿಯೂ ಅದೇ ಮೊದಲ ಪ್ರಶ್ನೆ. ಬೆಳಗಿನ ಜಾವಕ್ಕೆ ಕಡಿದು ಬಿಸಿಲೇರಿದ ಮೇಲೆ ತಾನಾಗಿ ಕೂಡಿಕೊಳ್ಳುವ ಸಂಪರ್ಕವು ಬ್ಯಾಟರಿಯ ಕಡೆಗೆ ಬೆರಳು ತೋರಿಸುತ್ತದೆ. ಗಾಳಿ ಬೀಸಿದಾಗಲೆಲ್ಲ ಬಂದು ಹೋಗುವ ದೋಷವು ಸಡಿಲಗೊಂಡ ಜೋಡಣೆಯನ್ನೋ ಅಲುಗುತ್ತಿರುವ ಆಂಟೆನಾವನ್ನೋ ಸೂಚಿಸುತ್ತದೆ. ಸಿಡಿಲು ಹೊಡೆದ ಮರುದಿನ ನಿಂತುಹೋದುದಕ್ಕೆ ವಿವರಣೆ ಬೇಕಿಲ್ಲ. ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಕ್ಷೀಣಿಸುತ್ತ ಬಂದು ಒಂದು ದಿನ ನಿಂತುಹೋದ ಸಂಪರ್ಕವಾದರೆ, ನಡುವೆ ಏನೋ ಬೆಳೆಯುತ್ತಿದೆ ಎಂದು ತಿಳಿಯಬೇಕು.

ಎರಡನೆಯ ಪ್ರಶ್ನೆ, ಎಷ್ಟು ಕೇಳಿಸುತ್ತಿದೆ ಎಂಬುದು. ಹೆಚ್ಚಿನ ಮೋಡೆಮ್ಮುಗಳು ತಮಗೆ ತಲುಪಿದ ತರಂಗದ ಬಲವನ್ನು ಒಂದು ಋಣ ಸಂಖ್ಯೆಯಲ್ಲಿ ತೋರಿಸುತ್ತವೆ. ಒಂದು ಮಿಲಿವಾಟ್ ಶಕ್ತಿಯನ್ನು ಸೊನ್ನೆ ಎಂದು ಎಣಿಸಿ, ಶಕ್ತಿಯು ಹತ್ತನೆಯ ಒಂದು ಭಾಗಕ್ಕೆ ಇಳಿದಂತೆಲ್ಲ ಹತ್ತು ಹತ್ತನ್ನು ಕಳೆಯುತ್ತ ಹೋಗುವುದು ಇದರ ಕ್ರಮ. ಆದುದರಿಂದ –70 ಎಂಬುದು –90ಕ್ಕಿಂತ ನೂರು ಪಟ್ಟು ಬಲವಾದುದು. –90 ಎಂದರೆ ಒಂದು ಮಿಲಿವಾಟ್‌ನ ನೂರು ಕೋಟಿಯಲ್ಲಿ ಒಂದು ಭಾಗ. ಇಷ್ಟು ಕ್ಷೀಣವಾದುದನ್ನೂ ಈ ಪೆಟ್ಟಿಗೆಗಳು ಕೇಳಿಸಿಕೊಳ್ಳಬಲ್ಲವು ಎಂಬುದೇ ಆಶ್ಚರ್ಯ! 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಗೋಡೆಯ ಆಚೆಯಿಂದ ಕಣ್ಣಿಗೆ ಕಾಣದ ತರಂಗವನ್ನು ಕಳುಹಿಸಿ ಗಂಟೆ ಬಾರಿಸಿ ತೋರಿಸಿದಾಗ ಹಲವು ಮೀಟರುಗಳ ಅಂತರವೇ ಒಂದು ಸಾಧನೆಯಾಗಿತ್ತು.

ಬಲ ಚೆನ್ನಾಗಿದ್ದೂ ಅಂಕಿಗಳು ಬಾರದಿದ್ದರೆ ದೋಷ ದಾರಿಯಲ್ಲಿಲ್ಲ. ಎರಡು ಪೆಟ್ಟಿಗೆಗಳ ಹೊಂದಾಣಿಕೆಯಲ್ಲಿ ವ್ಯತ್ಯಾಸವಿರಬೇಕು, ಇಲ್ಲವೇ ಅದೇ ಆವೃತ್ತಿಯಲ್ಲಿ ಮತ್ತಾರೋ ಮಾತನಾಡುತ್ತಿರಬೇಕು. ಬಲವೇ ಕುಸಿದಿದ್ದರೆ ಆಂಟೆನಾ, ಅದರ ತಂತಿ, ಇಲ್ಲವೇ ನಡುವಣ ದಾರಿಯನ್ನು ನೋಡಬೇಕು.

ಮೂರನೆಯ ಪ್ರಶ್ನೆಯನ್ನು ಬಹಳ ಮಂದಿ ಕೇಳುವುದೇ ಇಲ್ಲ. ದೋಷವಿರುವುದು ಎರಡು ಕಡೆಗೂ, ಒಂದೇ ಕಡೆಗೋ? ಕಚೇರಿಯ ಮೋಡೆಮ್ಮಿನ ಕೂಗು ಗುಡ್ಡದ ಮೋಡೆಮ್ಮಿಗೆ ಕೇಳುತ್ತಿದ್ದು, ಅದರ ಉತ್ತರ ಮಾತ್ರ ಇಲ್ಲಿಗೆ ಬಾರದಿದ್ದರೆ ಏನರ್ಥ? ನಡುವಣ ದಾರಿಯು ಹೋಗುವ ತರಂಗಕ್ಕೂ ಬರುವ ತರಂಗಕ್ಕೂ ಒಂದೇ. ಮರವಾಗಲಿ ದಿಬ್ಬವಾಗಲಿ ಒಂದು ದಿಕ್ಕಿನ ತರಂಗವನ್ನು ಬಿಟ್ಟು ಇನ್ನೊಂದನ್ನು ತಡೆಯುವುದಿಲ್ಲ. ಆದುದರಿಂದ ಒಂದೇ ಕಡೆಯ ಮೌನಕ್ಕೆ ಕಾರಣ ಒಂದು ತುದಿಯಲ್ಲಿಯೇ ಇರಬೇಕು. ಅಲ್ಲಿನ ಪ್ರೇಷಕ ದುರ್ಬಲವಾಗಿರಬೇಕು, ಇಲ್ಲವೇ ಇಲ್ಲಿನ ಗ್ರಾಹಕದ ಸುತ್ತ ಗದ್ದಲವಿರಬೇಕು. ಇದನ್ನು ಯೋಚಿಸದೆ ಕತ್ತಿ ಕೊಡಲಿ ಹಿಡಿದು ಮರಗಳ ಕಡೆಗೆ ಹೊರಡುವವರುಂಟು. ಬ್ಯಾಟರಿ ಮಾಡಿದ ತಪ್ಪಿಗೆ ಮರ ತಲೆ ಕೊಡಬೇಕಾದುದು ಯಾವ ನ್ಯಾಯ?

ಬ್ಯಾಟರಿಯ ತಪ್ಪನ್ನು ಹಿಡಿಯುವುದು ಅಷ್ಟು ಸುಲಭವಲ್ಲ. ಮೋಡೆಮ್ ಕೇಳುತ್ತ ಕುಳಿತಿರುವಾಗ ಅದಕ್ಕೆ ಬೇಕಾಗುವ ವಿದ್ಯುತ್ತು ಅತ್ಯಲ್ಪ. ಮಾತನಾಡುವ ಕ್ಷಣದಲ್ಲಿ ಅದು ಹಲವು ಪಟ್ಟು ಹೆಚ್ಚುತ್ತದೆ. ಮುಪ್ಪಾದ ಬ್ಯಾಟರಿಯನ್ನು ಸುಮ್ಮನಿರುವಾಗ ಅಳೆದರೆ 12 ವೋಲ್ಟ್ ಇದ್ದೇ ಇರುತ್ತದೆ. ಪರೀಕ್ಷಿಸಿದವನು ತೃಪ್ತನಾಗಿ ಗುಡ್ಡವಿಳಿಯುತ್ತಾನೆ. ಆದರೆ ಮೋಡೆಮ್ ಬಾಯಿ ತೆರೆದೊಡನೆ ವೋಲ್ಟೇಜು ಕುಸಿಯುತ್ತದೆ, ಪೆಟ್ಟಿಗೆ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಆದುದರಿಂದ ಅಳೆಯಬೇಕಾದುದು ಅದು ಕಳುಹಿಸುತ್ತಿರುವ ಕ್ಷಣದಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಸೌರಫಲಕದ ಮೇಲೆ ಒದ್ದೆ ಎಲೆಗಳು ಅಂಟುತ್ತವೆ, ಪಾಚಿ ಹಿಡಿಯುತ್ತದೆ. ಮೈದಾನದ ಬಿಸಿಲನ್ನು ನೆನೆದು ಆರಿಸಿದ ಫಲಕ ಕಳಸದ ಜುಲೈಗೆ ಸಾಲದು. ಮಳೆಯ ಮೊದಲನೆಯ ಅಪರಾಧ ಇದು: ಅದು ತರಂಗವನ್ನು ತಡೆಯಲಿಲ್ಲ, ಮೋಡೆಮ್ಮಿನ ಅನ್ನವನ್ನು ಕಿತ್ತುಕೊಂಡಿತು.

ಎರಡನೆಯದು ಜೋಡಣೆಗಳಲ್ಲಿ ನಡೆಯುತ್ತದೆ. ಪೆಟ್ಟಿಗೆಯಿಂದ ಆಂಟೆನಾಕ್ಕೆ ಹೋಗುವ ತಂತಿ ಒಂದರೊಳಗೊಂದು ಇರುವ ಎರಡು ವಾಹಕಗಳಿಂದಾಗಿದೆ. ಅದರ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಒಳಸೇರಿ, ಹೊರಗಿನ ಹೆಣಿಗೆಯ ಉದ್ದಕ್ಕೂ ಬತ್ತಿಯಲ್ಲಿ ಎಣ್ಣೆ ಏರುವಂತೆ ಹರಡುತ್ತದೆ. ತಾಮ್ರ ಕಪ್ಪಾಗುತ್ತದೆ. ಮೇಲುನೋಟಕ್ಕೆ ತಂತಿ ಹೊಸದರಂತೆ ಇರುತ್ತದೆ. ಶಕ್ತಿ ಮಾತ್ರ ದಾರಿಯಲ್ಲಿಯೇ ಬಿಸಿಯಾಗಿ ಕರಗಿಹೋಗುತ್ತದೆ. ಇದಕ್ಕೆ ಉಪಾಯ ಸರಳ. ತಂತಿಯು ಪೆಟ್ಟಿಗೆಯನ್ನು ಮೇಲಿನಿಂದ ಪ್ರವೇಶಿಸದೆ, ಒಮ್ಮೆ ಕೆಳಗಿಳಿದು ಬಳುಕಿ ಕೆಳಗಿನಿಂದ ಮೇಲೇರಿ ಪ್ರವೇಶಿಸುವಂತೆ ಇರಬೇಕು. ಆಗ ನೀರು ಆ ಬಳುಕಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಜೋಡಣೆಗಳ ಮೇಲೆ ರಬ್ಬರಿನ ಪಟ್ಟಿಯನ್ನು ಬಿಗಿದು ಸುತ್ತಬೇಕು. ತಂತಿ ಉದ್ದವಾದಷ್ಟೂ ನಷ್ಟ ಹೆಚ್ಚು. 2,400 ಮೆಗಾಹರ್ಟ್ಸ್‌ನಲ್ಲಿ ತೆಳುವಾದ ತಂತಿಯನ್ನು ಹತ್ತು ಮೀಟರ್ ಎಳೆದರೆ ಶಕ್ತಿಯ ಹತ್ತರಲ್ಲಿ ಒಂದಂಶದಷ್ಟು ಮಾತ್ರ ಆಂಟೆನಾವನ್ನು ತಲುಪುವುದುಂಟು. ಪರೀಕ್ಷಿಸುವ ಭರದಲ್ಲಿ ಆಂಟೆನಾವನ್ನು ಬಿಚ್ಚಿ ಮೋಡೆಮ್ಮನ್ನು ಮಾತನಾಡಿಸಬಾರದು. ಹೊರಹೋಗಲು ದಾರಿಯಿಲ್ಲದ ಶಕ್ತಿ ಹಿಂದಿರುಗಿ ಪ್ರೇಷಕವನ್ನೇ ಕೆಡಿಸಬಹುದು.

ಆಂಟೆನಾ ನಿಂತ ರೀತಿಯೂ ಮುಖ್ಯ. ಒಂದು ತುದಿಯಲ್ಲಿ ಅದು ನೆಟ್ಟಗೆ ನಿಂತು ಇನ್ನೊಂದು ತುದಿಯಲ್ಲಿ ಮಲಗಿದ್ದರೆ, ತಲುಪಬೇಕಾದ ಶಕ್ತಿಯ ನೂರರಲ್ಲಿ ಒಂದು ಭಾಗವೂ ತಲುಪದಿರಬಹುದು. ಗಾಳಿ ಅದನ್ನು ತಿರುಗಿಸುತ್ತದೆ. ಮಂಗಗಳಿಗಂತೂ ಅದು ಜೋತಾಡಲು ಹೇಳಿ ಮಾಡಿಸಿದ ಕೊಂಬೆ.

ಈ ಪೆಟ್ಟಿಗೆಗಳನ್ನೇ ಸಂದೇಹಿಸಬೇಕಾಗಿ ಬಂದರೆ ಎರಡನ್ನೂ ಬಿಚ್ಚಿ ತಂದು ಒಂದೇ ಕೋಣೆಯಲ್ಲಿ ಪರೀಕ್ಷಿಸುವುದು ಹಿತ. ಅಲ್ಲಿ ಅವು ಮಾತನಾಡಿದರೆ ಪೆಟ್ಟಿಗೆಗಳು ನಿರ್ದೋಷಿಗಳು. ಅಲ್ಲಿಯೂ ಮಾತನಾಡದಿದ್ದರೆ ಗುಡ್ಡ ಹತ್ತುವ ಶ್ರಮ ಉಳಿಯಿತು. ಆದರೆ ಪೂರ್ಣ ಶಕ್ತಿಯಲ್ಲಿ ಪಕ್ಕಪಕ್ಕದಲ್ಲಿ ಇಡಬಾರದು. ಕಿವಿಯ ಬಳಿ ಕೂಗಿದರೆ ಮಾತು ತಿಳಿಯದಂತೆ ಅಲ್ಲಿಯೂ ಗ್ರಾಹಕ ಕಿವುಡಾಗುತ್ತದೆ. ಶಕ್ತಿಯನ್ನು ತಗ್ಗಿಸಿ, ಕೆಲವು ಮೀಟರ್ ದೂರದಲ್ಲಿಟ್ಟು ನೋಡಬೇಕು. ಎರಡರ ಆವೃತ್ತಿ, ವೇಗ, ಗುರುತಿನ ಸಂಖ್ಯೆ ಒಂದೇ ಆಗಿವೆಯೇ ಎಂಬುದನ್ನು ಆಗಲೇ ಹೋಲಿಸಿಬಿಡಬೇಕು. ಸಿಡಿಲಿಗೆ ಸಿಕ್ಕ ಪೆಟ್ಟಿಗೆಯ ಜಾಗದಲ್ಲಿ ಹೊಸದನ್ನು ಇಟ್ಟಾಗ ಈ ಹೊಂದಾಣಿಕೆ ತಪ್ಪುವುದೇ ಹೆಚ್ಚು.

ಇನ್ನು ನಡುವಣ ದಾರಿ. ಉದ್ದವಾದ ತರಂಗಗಳು ಗುಡ್ಡವನ್ನು ಬಳಸಿ ಬಾಗಬಲ್ಲವು. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಪ್ರಸಾರದ ತರಂಗದೂರ ಸುಮಾರು 444 ಮೀಟರ್. ಆ ಕಾರಣದಿಂದಲೇ ಅದು ಕಣಿವೆಯೊಳಗಿನ ಮನೆಗಳ ರೇಡಿಯೊಗಳನ್ನೂ ಮುಟ್ಟುತ್ತಿತ್ತು. ಗೇಣುದ್ದದ, ಮೊಳದುದ್ದದ ತರಂಗಗಳಿಗೆ ಆ ಶಕ್ತಿ ಇಲ್ಲ. ಅವು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗುತ್ತವೆ. ಗುಡ್ಡದ ಹಿಂದೆ ಅವುಗಳ ನೆರಳು ಬೀಳುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಎಷ್ಟೋ ವಿದ್ಯಾರ್ಥಿಗಳು ಕೊಡೆ ಹಿಡಿದು ಗುಡ್ಡ ಹತ್ತಿ ಪಾಠ ಕೇಳಿದುದು ಈ ನೆರಳಿನಿಂದ ಹೊರಬರುವುದಕ್ಕಾಗಿ.

ಹಾಗೆಂದು ಒಂದು ಗುಡ್ಡದಿಂದ ಇನ್ನೊಂದು ಕಣ್ಣಿಗೆ ಕಂಡರೆ ಸಾಕೆಂದು ತಿಳಿಯಬಾರದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಫ್ರೆನೆಲ್ ಎಂಬ ವಿಜ್ಞಾನಿ ಬೆಳಕು ಅಂಚುಗಳ ಬಳಿ ಬಾಗುವ ಬಗೆಯನ್ನು ಲೆಕ್ಕ ಹಾಕಿದನು. ಅವನ ಲೆಕ್ಕ ರೇಡಿಯೊ ತರಂಗಕ್ಕೂ ಸಲ್ಲುತ್ತದೆ. ತರಂಗವು ಎಳೆದು ಕಟ್ಟಿದ ದಾರದಂತೆ ಸಾಗದೆ, ಎರಡು ತುದಿ ಚೂಪಾಗಿ ನಡು ಉಬ್ಬಿದ ಸೌತೆಕಾಯಿಯ ಆಕಾರದ ಜಾಗವನ್ನು ಬೇಡುತ್ತದೆ. ಎಂಟು ಕಿಲೋಮೀಟರ್ ಅಂತರದಲ್ಲಿ 865 ಮೆಗಾಹರ್ಟ್ಸ್ ತರಂಗಕ್ಕೆ ನಟ್ಟನಡುವೆ ಈ ಸೌತೆಕಾಯಿಯ ತ್ರಿಜ್ಯ ಸುಮಾರು 26 ಮೀಟರ್. 2,400 ಮೆಗಾಹರ್ಟ್ಸ್ ತರಂಗಕ್ಕಾದರೆ ಸುಮಾರು 16 ಮೀಟರ್. ಈ ತ್ರಿಜ್ಯದ ಹತ್ತರಲ್ಲಿ ಆರು ಭಾಗವಾದರೂ ಬಯಲಾಗಿರಬೇಕು. ಕಣ್ಣಿನ ನೋಟಕ್ಕೆ ಅಡ್ಡಬಾರದ ಮರದ ತಲೆಯೂ ತರಂಗದ ದಾರಿಗೆ ಅಡ್ಡಬರುವುದು ಹೀಗೆ.

ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಆಸರೆಯಾಗಿ ನೆಟ್ಟ ಸಿಲ್ವರ್ ಮರ ಆಸ್ಟ್ರೇಲಿಯದಿಂದ ಬಂದುದು. ಎಳೆಯ ಮರ ವರ್ಷಕ್ಕೆ ಒಂದೆರಡು ಮೀಟರ್ ಏರುತ್ತದೆ. ಬಲಿತ ಮರ 20 ಮೀಟರನ್ನೂ ಮೀರುತ್ತದೆ. ಆಂಟೆನಾ ನೆಟ್ಟ ದಿನ ಬಯಲಾಗಿದ್ದ ದಾರಿ ಐದು ವರ್ಷಗಳಲ್ಲಿ ಸದ್ದಿಲ್ಲದೆ ಮುಚ್ಚಿಹೋಗುತ್ತದೆ. ಬೇಸಗೆಯಲ್ಲಿ ಒಣಗಿದ ಎಲೆಗಳ ನಡುವೆ ಹೇಗೋ ನುಸುಳುತ್ತಿದ್ದ ತರಂಗಕ್ಕೆ ಮಳೆಗಾಲದ ಒದ್ದೆ ಎಲೆಗಳು ದಾರಿ ಕೊಡವು. ಎಲೆಯ ಮೇಲಿನ ನೀರು ತರಂಗವನ್ನು ಹೀರಿಕೊಳ್ಳುತ್ತದೆ. ಮಳೆಯ ಮೂರನೆಯ ಅಪರಾಧ ಇದು. ಇದನ್ನು ಗುರುತಿಸಲು ತೋಟದವರಿಗೆ ಒಂದು ಸುಲಭ ಸೂಚನೆಯುಂಟು: ನೆರಳನ್ನು ತೆಳುಮಾಡಲು ಕೊಂಬೆಗಳನ್ನು ಸವರುವ ಮರಗಸಿಯ ಕೆಲಸ ಮುಗಿದೊಡನೆ ಸಂಪರ್ಕ ಸುಧಾರಿಸಿದರೆ, ಅಡ್ಡವಾದುದು ಮರವೇ. ಆಗಲೂ ಮರವನ್ನು ಉರುಳಿಸಬೇಕಾಗಿಲ್ಲ. ಆಂಟೆನಾದ ಕಂಬವನ್ನು ಎತ್ತರಿಸಬಹುದು, ಇಲ್ಲವೇ ಅದನ್ನು ನಾಲ್ಕು ಮಾರು ಪಕ್ಕಕ್ಕೆ ಸರಿಸಬಹುದು.

ನಡುವೆ ಇರುವುದು ಮರವಲ್ಲ, ಗುಡ್ಡವೇ ಆದರೆ ಯಾವ ರಿಪೇರಿಯೂ ಫಲಿಸದು. ಎರಡು ಕಣಿವೆಗಳಿಗೂ ಕಾಣುವ ಮೂರನೆಯ ಎತ್ತರವೊಂದನ್ನು ಹುಡುಕಿ, ಅಲ್ಲಿ ಕೇಳಿದುದನ್ನು ಮತ್ತೆ ಹೇಳುವ ಮರುಪ್ರಸಾರ ಯಂತ್ರವನ್ನು ಇಡಬೇಕು. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ದೇವಾಲಯದ ಜೊತೆಗೆ ಪೊಲೀಸ್ ಇಲಾಖೆಯ ನಿಸ್ತಂತು ಮರುಪ್ರಸಾರ ಕೇಂದ್ರವೂ ಇರುವುದಕ್ಕೆ ಇದೇ ಕಾರಣ. ಕರ್ನಾಟಕದ ಅತಿ ಎತ್ತರದ ಶಿಖರಕ್ಕಿಂತ ಒಳ್ಳೆಯ ಆಂಟೆನಾ ಕಂಬ ಎಲ್ಲಿ ಸಿಕ್ಕೀತು!

ಶಿಖರದ ಯಂತ್ರ ಹೊಸದೊಂದು ತೊಡಕನ್ನೂ ತರುತ್ತದೆ. ಎರಡು ಕಣಿವೆಗಳ ಮೋಡೆಮ್ಮುಗಳಿಗೆ ಶಿಖರ ಕೇಳುತ್ತದೆ. ಆದರೆ ಒಂದರ ಮಾತು ಇನ್ನೊಂದಕ್ಕೆ ಕೇಳುವುದಿಲ್ಲ. ದಾರಿ ಖಾಲಿ ಇದೆಯೆಂದು ತಿಳಿದು ಎರಡೂ ಒಮ್ಮೆಗೇ ಮಾತನಾಡುತ್ತವೆ. ಶಿಖರಕ್ಕೆ ಎರಡೂ ಬೆರೆತ ಗೊಂದಲ ಮಾತ್ರ ತಲುಪುತ್ತದೆ. ಯಾವ ಯಂತ್ರವೂ ಕೆಟ್ಟಿಲ್ಲ, ಬಲವೂ ಚೆನ್ನಾಗಿದೆ, ಆದರೂ ಅಂಕಿಗಳಿಲ್ಲ. ಗುಡ್ಡಗಳ ಬದಲು ಕಡಲು ಅಡ್ಡವಿದ್ದ ಹವಾಯಿ ದ್ವೀಪಗಳಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಅವನ ಸಂಗಡಿಗರು 1971ರಲ್ಲಿ ವಿಶ್ವವಿದ್ಯಾನಿಲಯದ ಗಣಕಯಂತ್ರವನ್ನು ರೇಡಿಯೊ ಮೂಲಕ ಬೆಸೆಯುವಾಗ ಈ ತೊಡಕನ್ನೇ ಎದುರಿಸಿದರು. ಅವರು ಕಂಡ ದಾರಿ ಹಳ್ಳಿಯ ಪಂಚಾಯಿತಿಯಲ್ಲಿ ಇಬ್ಬರು ಒಟ್ಟಿಗೆ ಬಾಯಿ ತೆರೆದಾಗ ನಡೆಯುವಂತಹದೇ. ಕಳುಹಿಸಿದುದು ತಲುಪಿತೆಂಬ ಉತ್ತರ ಬಾರದಿದ್ದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕಳುಹಿಸಬೇಕು. ಆದರೆ ಎಲ್ಲರೂ ಒಂದೇ ಅವಧಿ ಸುಮ್ಮನಿದ್ದರೆ ಮತ್ತೆ ಡಿಕ್ಕಿ. ಆದುದರಿಂದ ಕಾಯುವ ಅವಧಿಯನ್ನು ಲೆಕ್ಕವಿಲ್ಲದೆ ಬೇರೆ ಬೇರೆಯಾಗಿ ಆರಿಸಬೇಕು. ಇಂದಿನ ಮೋಡೆಮ್ಮುಗಳಲ್ಲಿಯೂ ಈ ಯುಕ್ತಿ ನಾನಾ ರೂಪಗಳಲ್ಲಿ ಉಳಿದಿದೆ. ಮಾಪಕಗಳ ಸಂಖ್ಯೆ ಹೆಚ್ಚಿ ಅದೂ ಸಾಲದಾದರೆ ಒಂದೊಂದಕ್ಕೂ ಒಂದೊಂದು ನಿಮಿಷವನ್ನು ಗೊತ್ತುಮಾಡಿಬಿಡುವುದು ಮೇಲು.

ಈ ಹುಡುಕಾಟದಲ್ಲೆಲ್ಲ ಒಂದು ಬಾರಿಗೆ ಒಂದನ್ನು ಮಾತ್ರ ಬದಲಾಯಿಸಬೇಕೆಂಬುದು ಅನುಭವಿಗಳ ನಿಯಮ. ತಂತಿ, ಬ್ಯಾಟರಿ, ಆಂಟೆನಾಗಳನ್ನು ಒಟ್ಟಿಗೆ ಬದಲಾಯಿಸಿದವನಿಗೆ ಸಂಪರ್ಕವೇನೋ ಸಿಗಬಹುದು. ಕೆಟ್ಟುದು ಯಾವುದೆಂಬುದು ತಿಳಿಯದು. ಇದಕ್ಕೆಲ್ಲ ಕಾಲ ಮೇ ತಿಂಗಳು. ರಸ್ತೆ ತೆರೆದಿರುತ್ತದೆ, ಗುಡ್ಡದ ಹಾದಿಯಲ್ಲಿ ಜಿಗಣೆಯ ಕಾಟ ಇನ್ನೂ ಆರಂಭವಾಗಿರುವುದಿಲ್ಲ. ಫಲಕವನ್ನು ತೊಳೆದು, ಜೋಡಣೆಗಳನ್ನು ಬಿಚ್ಚಿ ಒಣಗಿಸಿ ಸುತ್ತಿ, ಎರಡೂ ತುದಿಗಳ ಬಲವನ್ನು ದಿನಾಂಕದೊಡನೆ ಬರೆದಿಡುವುದಕ್ಕೆ ಒಂದು ಹಗಲು ಸಾಕು. ಮಳೆಯ ಇಂಚು, ಸೆಂಟುಗಳನ್ನು ಬರೆಯುವ ತೋಟದ ಪುಸ್ತಕದಲ್ಲಿಯೇ ಅದಕ್ಕೊಂದು ಪುಟವನ್ನು ಬಿಟ್ಟರೆ, ಜುಲೈ ತಿಂಗಳಲ್ಲಿ –92 ಎಂಬ ಸಂಖ್ಯೆಯನ್ನು ಕಂಡವನಿಗೆ ಮೇ ತಿಂಗಳಲ್ಲಿ ಅದು –71 ಆಗಿತ್ತೆಂದು ಗೊತ್ತಾಗುತ್ತದೆ.